ಬುಧವಾರದ ಹೆಸರುಗಳು

ಆ ಚರ್ಚಿನಲ್ಲಿ ಬುಧವಾರ ಸಂಜೆಯ ಪ್ರಾರ್ಥನೆಗೆ ಅದರದ್ದೇ ಒಂದು ಪದ್ಧತಿಯಿತ್ತು. ಪಾದ್ರಿಗಳು "ಯಾರ ಹೆಸರಿದೆ?" ಎಂದು ಕೇಳುತ್ತಾರೆ. ಮನೆಯಲ್ಲಿ ಕಾಯಿಲೆಯವರಿದ್ದವರು ಎದ್ದು ನಿಂತು ಹೆಸರು ಹೇಳುತ್ತಾರೆ. ಕೂತವರೆಲ್ಲ ಅದನ್ನು ಒಟ್ಟಾಗಿ, ಗಟ್ಟಿಯಾಗಿ, ಒಂದೇ ಒಂದು ಸಲ ಹೇಳುತ್ತಾರೆ. ಕಾಯಿಲೆ ಏನು, ಡಾಕ್ಟರು ಯಾರು ಎಂದು ಹೇಳಬೇಕಾಗಿಲ್ಲ. ಮನೆಯಲ್ಲಿ ಕರೆಯುವ ಹೆಸರು ಸಾಕು. ದೇವರಿಗೆ ರಿಜಿಸ್ಟರ್ ನೋಡಿ ಗುರುತು ಹಿಡಿಯುವ ಕರ್ಮವಿಲ್ಲ ಎಂದು ಹಿಂದೆ ಇದ್ದ ಪಾದ್ರಿಯೊಬ್ಬರು ಹೇಳಿದ್ದರಂತೆ. ಹಾಗಾಗಿ ಪುಟ್ಟಣ್ಣ, ದೊಡ್ಡಮ್ಮ, ಮಿಠಾಯಿ ತಾತ ಎಂಬ ಹೆಸರುಗಳೆಲ್ಲ ಆ ಎತ್ತರದ ಗೋಡೆಗಳ ನಡುವೆ ಗಂಭೀರವಾಗಿ ಮೊಳಗಿವೆ, ಯಾರೂ ನಕ್ಕಿಲ್ಲ.

ಇನ್ನೊಂದು ನಿಯಮವೂ ಇತ್ತು. ಒಮ್ಮೆ ಕೊಟ್ಟ ಹೆಸರನ್ನು ನಡುವೆ ಬಿಡುವಂತಿಲ್ಲ. ಗುಣವಾದರೆ ಆ ಮನುಷ್ಯನೇ ಬಂದು ಎಲ್ಲರೆದುರು ನಿಲ್ಲಬೇಕು. ಗುಣವಾಗದೆ ಹೋದರೆ ಮನೆಯವರು ಬಂದು ಸುದ್ದಿ ಹೇಳಬೇಕು. ಸುದ್ದಿ ಬಂದ ದಿನ ಸಭೆಯೆಲ್ಲ ಎದ್ದು ನಿಂತು ಕೊನೆಯ ಸಲ ಆ ಹೆಸರು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಕೂರುತ್ತದೆ. ಒಂದೋ ಅದು, ಇಲ್ಲವೇ ಇದು. ಮೂರನೆಯ ದಾರಿಯನ್ನು ಆ ಚರ್ಚು ಇಟ್ಟುಕೊಂಡಿರಲಿಲ್ಲ.

ಲಾಂಡ್ರಿ ಅಕ್ಕ ಸಿಕ್ಕಿಬಿದ್ದದ್ದು ಅಲ್ಲೇ.

ಬಸ್ ನಿಲ್ದಾಣದ ಪಕ್ಕದ ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ ಅವಳ ಕೆಲಸ. ತಂದ ಬಟ್ಟೆಯ ಜೇಬು ತಡಕುವುದು, ಕಲೆ ನೋಡುವುದು, ಕಾಲರಿನೊಳಗೆ ನಂಬರಿನ ಪಟ್ಟಿ ಪಿನ್ನು ಮಾಡುವುದು, ಚೀಟಿ ಹರಿದು ಕೊಡುವುದು. ಊರಿನವರ ಕೋಟಿನ ಜೇಬುಗಳಲ್ಲಿ ಅವಳು ಏನೇನು ಕಂಡಿದ್ದಾಳೋ, ಒಂದನ್ನೂ ಬಾಯಿಬಿಟ್ಟವಳಲ್ಲ. ಸುಳ್ಳು ಹೇಳಿಯೂ ಅಭ್ಯಾಸವಿಲ್ಲ. ಅಂಥವಳು ದೇವರ ಮನೆಯಲ್ಲಿ, ಎದ್ದು ನಿಂತು, ಎಲ್ಲರೂ ಕೇಳುವಂತೆ ಸುಳ್ಳು ಹೇಳಿದಳು ಎಂದರೆ ನಂಬುವುದು ಕಷ್ಟ. ಆದರೆ ಹೇಳಿದ್ದಂತೂ ನಿಜ.

ಅವಳ ಗಂಡ ಕಾದಂಬರಿಕಾರ. ಬೆಳಗ್ಗೆ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತಾನೆ, ಮಧ್ಯಾಹ್ನದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಕೂತು ಬರೆಯುತ್ತಾನೆ. ವಾರಪತ್ರಿಕೆಯೊಂದರಲ್ಲಿ ಅವನ ಧಾರಾವಾಹಿ ಬರುತ್ತಿತ್ತು. ಬೀದಿಯಲ್ಲೂ ಚರ್ಚಿನಲ್ಲೂ ಅವನಿಗೆ 'ಲೇಖಕರು' ಎಂದೇ ಹೆಸರು. ಹಾಗೆಂದು ಚರ್ಚಿನವರು ಅವನನ್ನು ಓದುತ್ತಿದ್ದರೆಂದು ತಿಳಿಯಬೇಡಿ. ಗಂಟೆಗೋಪುರವನ್ನು ಬಂದವರಿಗೆಲ್ಲ ತೋರಿಸುತ್ತಾರೆ, ಹತ್ತುವವರು ಯಾರೂ ಇಲ್ಲ. ಇವನದೂ ಅದೇ ಕಥೆ, ಹಿತ್ತಲ ಗಿಡ ಮದ್ದಲ್ಲ. ಅವನ ಮೊದಲ ಓದುಗಾರ್ತಿ, ಎಷ್ಟೋ ಸಲ ಆ ಬೀದಿಯ ಒಬ್ಬಳೇ ಓದುಗಾರ್ತಿ, ಹೆಂಡತಿ. ಅವನು ಕೈಯಲ್ಲಿ ಬರೆದದ್ದನ್ನು ಅಂಗಡಿಯಿಂದ ಬಂದಮೇಲೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪತ್ರಿಕೆಗೆ ಕಳಿಸುವವಳು ಅವಳೇ.

ಧಾರಾವಾಹಿ ಒಬ್ಬ ಬಸ್ ಡ್ರೈವರನ ಸಂಸಾರದ ಕಥೆ. ಡ್ರೈವರ್, ಅವನ ಹೆಂಡತಿ, ಒಂಬತ್ತು ವರ್ಷದ ಮಗಳು ಚಿನ್ನಿ. ನಗಿಸುವ ಕಥೆ. ಚಿನ್ನಿ ಅಪ್ಪನ ಖಾಕಿ ಅಂಗಿ ತೊಟ್ಟು, ತಟ್ಟೆಯನ್ನು ಸ್ಟೇರಿಂಗ್ ಮಾಡಿಕೊಂಡು, ಅಡುಗೆಮನೆಯಿಂದ ಹಜಾರಕ್ಕೆ ಬಸ್ ಬಿಡುತ್ತಿದ್ದಳು. ಟೈಪ್ ಮಾಡುತ್ತಾ ಲಾಂಡ್ರಿ ಅಕ್ಕ ಎಷ್ಟೋ ಸಲ ಒಬ್ಬಳೇ ನಕ್ಕಿದ್ದಾಳೆ. ಹೀಗಿರುವಾಗ ಒಂದು ಬುಧವಾರ ಮಧ್ಯಾಹ್ನ, ಹೊಸ ಅಧ್ಯಾಯದ ಹಾಳೆಗಳನ್ನು ಒಲೆಯ ಪಕ್ಕ ನಿಂತೇ ಓದುತ್ತಿದ್ದವಳು ಮೂರನೆಯ ಪುಟಕ್ಕೆ ಬಂದು ಒಲೆ ಆರಿಸಿದಳು. ಚಿನ್ನಿಯ ಮೂಗಿನಿಂದ ರಕ್ತ ಬರುತ್ತದೆ. ನಿಲ್ಲುವುದಿಲ್ಲ. ಡಾಕ್ಟರು ಅಪ್ಪನನ್ನು ಮಾತ್ರ ಹೊರಗೆ ಕರೆಯುತ್ತಾರೆ. ಅಮ್ಮ ಮಗುವಿನ ತೋಳಿನ ಮೇಲಿನ ನೀಲಿ ಗುರುತುಗಳನ್ನು ನೋಡುತ್ತಾ ಕೂತಿರುತ್ತಾಳೆ, ಯಾವ ಆಟದಲ್ಲಿ ಬಿದ್ದಿರಬಹುದು ಎಂದುಕೊಂಡು.

ಆ ಗುರುತುಗಳು ಅವಳಿಗೆ ಗೊತ್ತಿದ್ದವು. ಅವು ಗುಂಡನ ತೋಳಿನ ಮೇಲಿದ್ದವು.

ಗುಂಡ ಅವರ ಮಗ. ಹುಟ್ಟಿದಾಗಲೇ ಕೆನ್ನೆ ಕತ್ತು ಒಂದೇ ಆಗಿ ದುಂಡಗಿದ್ದ, ಅದಕ್ಕೇ ಗುಂಡ. ಎಂಟನೆಯ ವಯಸ್ಸಿನಲ್ಲಿ ಕಾಯಿಲೆ ಬಿದ್ದು ಕಡ್ಡಿಯಾದ ಮೇಲೆ ಆ ಹೆಸರು ಕರೆಯಲು ಅವರಿಗೆ ನಾಲಿಗೆ ಏಳದಾಯಿತು. ಕರೆಯದಿದ್ದರೆ ಅವನೇ ಕೇಳುತ್ತಿದ್ದ, "ಯಾಕಮ್ಮ, ನಾನೀಗ ಗುಂಡ ಅಲ್ವಾ?" ಅವನು ಹೋಗಿ ಹನ್ನೊಂದು ವರ್ಷವಾಗಿತ್ತು. ಅಷ್ಟೂ ಕಾಲ ಗಂಡ ಅವನ ಬಗ್ಗೆ ಒಂದು ಸಾಲು ಬರೆದಿರಲಿಲ್ಲ, ಮಾತನ್ನೂ ಆಡಿರಲಿಲ್ಲ.

ಅವಳ ಹೊಟ್ಟೆಯಲ್ಲಿ ಇನ್ನೊಂದು ಬೆಂಕಿಯಿತ್ತು. ಗುಂಡ ಮಲಗಿದ್ದಾಗ ಬುಧವಾರದ ಪ್ರಾರ್ಥನೆಗೆ ಅವನ ಹೆಸರು ಕೊಡುತ್ತೇನೆಂದು ಅವಳು ಹೊರಟಿದ್ದಳು. ಗಂಡ ಬಾಗಿಲಿಗೆ ಅಡ್ಡ ನಿಂತಿದ್ದ. "ನನ್ನ ಮಗನ ಹೆಸರನ್ನ ಊರೆಲ್ಲ ಕೂಗೋದು ಬೇಡ. ದೇವರು ಅನ್ನೋನು ಇದ್ರೆ ಅವನಿಗೆ ಗೊತ್ತೇ ಇರುತ್ತೆ" ಅಂದಿದ್ದ. ಅವಳು ಚಪ್ಪಲಿ ಬಿಚ್ಚಿಟ್ಟು ಒಳಗೆ ಬಂದಿದ್ದಳು. ನೋಡಲು ಬರುತ್ತೇವೆಂದವರಿಗೂ ಮಗುವಿಗೆ ನಿದ್ದೆ ಬೇಕು ಎಂದು ಬಾಗಿಲು ಹಾಕಿದ. ಎಲ್ಲ ಮುಗಿದ ಮೇಲೆ ಸಭೆಯವರಿಗೆ ಸುದ್ದಿ ಹೋಯಿತು. ಮಣ್ಣು ಮಾಡುವಾಗ ಪಾದ್ರಿಗಳು ದೀಕ್ಷಾಸ್ನಾನದ ದಿನ ಇಟ್ಟ ಉದ್ದನೆಯ ಹೆಸರನ್ನು ಓದಿದರು. ಆ ಹೆಸರಿನಿಂದ ಅವನನ್ನು ಯಾರೂ ಯಾವತ್ತೂ ಕರೆದಿರಲಿಲ್ಲ. ಬೇರೆ ಯಾರದೋ ಮಗುವನ್ನು ಹೂಳುತ್ತಿದ್ದಾರೆ ಎನಿಸಿತ್ತು ಅವಳಿಗೆ. ಅಂದು ಬಾಗಿಲಿನಿಂದ ತಾನು ಹಿಂದಿರುಗಿದ್ದಕ್ಕೆ ಅವಳು ತನ್ನನ್ನೂ ಕ್ಷಮಿಸಿರಲಿಲ್ಲ, ಅವನನ್ನೂ ಕ್ಷಮಿಸಿರಲಿಲ್ಲ. ಆದರೂ ಒಂದೇ ಮನೆಯಲ್ಲಿ ಅಡುಗೆ ಮಾಡಿ ಉಂಡು ಮಲಗಿದ್ದರು. ಸಂಸಾರ ಅಂದರೆ ಎಷ್ಟು ದೊಡ್ಡದನ್ನು ಎಷ್ಟು ಚಿಕ್ಕ ಮನೆಯಲ್ಲಿ ಮುಚ್ಚಿಡಬಹುದು ನೋಡಿ.

ಆ ಬುಧವಾರ ಸಂಜೆ ಪಾದ್ರಿಗಳು "ಇನ್ನು ಯಾರ ಹೆಸರಾದರೂ ಇದೆಯಾ?" ಎಂದು ಕೇಳಿದಾಗ ಅವಳು ಎದ್ದು ನಿಂತಿದ್ದಳು. ಎದ್ದದ್ದು ಅವಳಿಗೇ ಗೊತ್ತಿಲ್ಲ. "ಚಿನ್ನಿ," ಅಂದಳು. "ಒಂಬತ್ತು ವರ್ಷ." ಇಡೀ ಸಭೆ ಒಂದೇ ಉಸಿರಿನಲ್ಲಿ "ಚಿನ್ನಿ" ಅಂದಿತು. ಅವಳು ಕೂತು, ಮುಂದಿನ ಬೆಂಚಿನ ಬೆನ್ನಿಗೆ ಹಣೆ ಹಚ್ಚಿ, ಗುಂಡ ಹೋದ ದಿನವೂ ಅತ್ತಿರದಷ್ಟು ಅತ್ತಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದಿನ ಬುಧವಾರ ಅವಳು ಬಾಯಿ ತೆರೆಯುವ ಮೊದಲೇ ಪಾದ್ರಿಗಳು "ಚಿನ್ನಿ ಹೇಗಿದ್ದಾಳೆ?" ಎಂದು ಕೇಳಿದರು. "ಜ್ವರ ಇಳಿದಿಲ್ಲ," ಅಂದಳು. ಆ ವಾರದ ಅಧ್ಯಾಯದಲ್ಲಿ ಇಳಿದಿರಲಿಲ್ಲ. ಅದರ ಮುಂದಿನ ವಾರ "ಕೂದಲು ಉದುರ್ತಿದೆ" ಅಂದಳು. ಹೇಳಿದ್ದೆಲ್ಲ ಗಂಡ ಬರೆದದ್ದೇ. ಆ ಮಟ್ಟಿಗೆ ಸುಳ್ಳಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು, ಸಮಾಧಾನವೇನೂ ಆಗಲಿಲ್ಲ. ಪತ್ರಿಕೆಯಲ್ಲಿ ಹಳೆಯ ಕಂತುಗಳೇ ಅಚ್ಚಾಗುತ್ತಿದ್ದುದರಿಂದ ಅಲ್ಲಿ ಚಿನ್ನಿ ಇನ್ನೂ ತಟ್ಟೆ ತಿರುಗಿಸುತ್ತಾ ಬಸ್ ಓಡಿಸುತ್ತಿದ್ದಳು. ಇಲ್ಲಿ ಒಂದು ಸಭೆಯಷ್ಟು ಜನ ಅವಳಿಗಾಗಿ ಮೊಣಕಾಲೂರುತ್ತಿದ್ದರು. ನಿವೃತ್ತ ಮೇಷ್ಟ್ರು ಚರ್ಚಿನ ಅಂಗಳದಲ್ಲಿ ಅಡ್ಡಗಟ್ಟಿ, "ಯಾರ ಮಗಳಮ್ಮ ಅದು?" ಎಂದು ಕೇಳಿದರು. "ನಮಗೆ ಬೇಕಾದವರ ಮಗಳು ಮೇಷ್ಟ್ರೇ. ಡ್ರೈವರ್ ಅವಳಪ್ಪ." ಮೇಷ್ಟ್ರು ತಾವೇ ಒಂದು ಹೊತ್ತು ಉಪವಾಸ ಹಿಡಿದಿರುವುದಾಗಿ ಹೇಳಿದರು. ಮಂಡಿನೋವಿನ ಮುದುಕರು ಕಥೆಯ ಹುಡುಗಿಗಾಗಿ ಹಸಿದಿದ್ದಾರೆ ಎಂದು ಅಂದು ರಾತ್ರಿ ಅವಳೂ ಊಟ ಬಿಟ್ಟಳು.

ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೀಗಿರುವಾಗ ಪಾದ್ರಿಗಳೇ ಅಂಗಡಿಗೆ ಬಂದರು. ಅವರು ಆ ಚರ್ಚಿಗೆ ಹೊಸಬರು, ವಯಸ್ಸಿನಲ್ಲೂ ಚಿಕ್ಕವರು, ಏನು ಮಾಡಿದರೂ ಸ್ವಲ್ಪ ಅವಸರ. ಆರಾಧನೆಯ ಬಿಳಿ ನಿಲುವಂಗಿಯ ತೋಳಿಗೆ ಮೇಣ ಬಿದ್ದಿತ್ತು. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, ಪಿನ್ನು ಚುಚ್ಚುವಾಗ ಅವರು ಕೌಂಟರಿನ ಮೇಲೆ ಬಾಗಿದರು.

"ಚಿನ್ನಿ ಯಾವ ಆಸ್ಪತ್ರೇಲಿದ್ದಾಳೆ ಅಕ್ಕ? ಹೋಗಿ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡ್ಬೇಕು ಅಂತಿದೀನಿ."

ಪಿನ್ನು ಬೆರಳಿಗೆ ಚುಚ್ಚಿತು. "ನೋಡೋಕೆ ಬಿಡಲ್ಲ ಪಾದ್ರಿಗಳೇ."

"ಯಾರು ಬಿಡಲ್ಲ?"

"ಅವಳಪ್ಪ," ಅಂದಳು. ಬಾಯಿಂದ ಬಂದ ಮೇಲೆ ತಿಳಿಯಿತು, ಇಷ್ಟು ವಾರಗಳಲ್ಲಿ ಹೇಳಿದ ಮಾತುಗಳಲ್ಲಿ ಇದೊಂದೇ ಅಪ್ಪಟ ನಿಜ.

"ಹಾಗೆಲ್ಲ ಒಬ್ಬರೇ ಹೊತ್ಕೊಂಡು ಕೂರಬಾರದು ಅಂತ ಆತನಿಗೆ ಯಾರಾದ್ರೂ ಹೇಳ್ಬೇಕು," ಎಂದರು ಪಾದ್ರಿಗಳು. "ಬರೋ ಬುಧವಾರ ಸಭೆ ಮುಂದೆ ಹೇಳ್ತೀನಿ. ಹತ್ತು ಜನ ಒಟ್ಟಿಗೆ ಹೋಗೋಣ. ಹತ್ತು ಜನ ಬಂದು ನಿಂತ್ರೆ ಬಾಗಿಲು ಹಾಕ್ತಾನಾ?" ಚೀಟಿ ಜೇಬಿಗಿಟ್ಟುಕೊಂಡು, ಒಂದು ದೊಡ್ಡ ಕೆಲಸ ಇತ್ಯರ್ಥವಾದ ಖುಷಿಯಲ್ಲಿ ಹೊರಟುಹೋದರು. ಅವಳು ಬೆರಳನ್ನು ಬಾಯಲ್ಲಿಟ್ಟುಕೊಂಡು ನಿಂತಳು. ಹಿಂದೆ ಇಸ್ತ್ರಿಯ ಯಂತ್ರ ಹಬೆ ಬಿಡುತ್ತಿತ್ತು.

ಶನಿವಾರ ಮಧ್ಯಾಹ್ನ ಅವಳು ಮನೆಗೆ ಬಂದಾಗ ಗಂಡ ಬರೆಯುತ್ತಿರಲಿಲ್ಲ. ಮೇಜಿನ ಮುಂದೆ ಸುಮ್ಮನೆ ಕೂತಿದ್ದ. ಬರೆದು ಮುಗಿದ ಹಾಳೆಗಳ ಮೇಲೆ, ಕಾಗದ ಹಾರದಿರಲು ಇಟ್ಟಂತೆ, ಹಳದಿ ಉಣ್ಣೆಯ ಒಂದು ಟೋಪಿ.

ಆ ಟೋಪಿ ಯಾರ ಕೈಯದು ಎಂದು ಕೇಳಬೇಕಾಗಿರಲಿಲ್ಲ. ಸಭೆಯಲ್ಲಿ ಉಣ್ಣೆ ಅತ್ತೆ ಎಂಬ ಮುದುಕಿಯೊಬ್ಬಳಿದ್ದಳು. ಹುಟ್ಟಿದ ಮಗುವಿಗೂ ಮಲಗಿದ ರೋಗಿಗೂ ಏನಾದರೂ ಹೆಣೆದು ಕೊಡುವುದು ಅವಳ ವ್ರತ. ಅಳತೆ ತೆಗೆದುಕೊಳ್ಳುವುದು ಅವಳ ಜಾಯಮಾನದಲ್ಲಿಲ್ಲ. ಅವಳು ಕೊಟ್ಟ ಸ್ವೆಟರು ಸರಿಹೊಂದಿದ ಮನುಷ್ಯನನ್ನು ಇನ್ನೂ ಯಾರೂ ನೋಡಿಲ್ಲ.

"ಉಣ್ಣೆ ಅತ್ತೆ ಬಂದಿದ್ರು," ಅಂದ ಗಂಡ. ದನಿ ತಣ್ಣಗಿತ್ತು. "ಡ್ರೈವರನ ಮಗಳು ಚಿನ್ನಿಗೆ ತಲುಪಿಸು ಅಂತ ನನ್ನ ಕೈಗೆ ಕೊಟ್ರು. ಕೂದಲು ಉದುರಿದೆಯಂತಲ್ಲ, ತಲೆಗೆ ಚಳಿ ಆಗಬಾರದಂತೆ. ನಾನು ಆಗಲಿ ಅಂದೆ. ಇನ್ನೇನು ಅನ್ನಲಿ? ಅವಳು ನಾನು ಕಟ್ಟಿದ ಹುಡುಗಿ, ಅವಳಿಗೆ ತಲೇನೇ ಇಲ್ಲ ಅತ್ತೆ ಅನ್ನಲಾ?"

ಅವಳು ಚೀಲ ಕೆಳಗಿಟ್ಟಳು. "ನಾನೇ ಹೆಸರು ಕೊಟ್ಟೆ."

"ಚರ್ಚಿನಲ್ಲಿ ಸುಳ್ಳು ಹೇಳಿದೆಯಾ? ನೀನು?" ಅವನು ಎದ್ದು ನಿಂತ. "ನಾಳೆ ಗೊತ್ತಾದ್ರೆ ಜನ ನನ್ನ ಮುಖಕ್ಕೆ ನಗ್ತಾರೆ. ಗಂಡ ಕಥೆ ಬರೀತಾನೆ, ಹೆಂಡತಿ ಅದನ್ನ ದೇವರಿಗೆ ಮಾರ್ತಾಳೆ ಅಂತಾರೆ."

"ನಗಲಿ. ನಾನು ಒಂದು ಸುಳ್ಳು ಹೇಳಿದ್ದು ದೇವರ ಮನೇಲಿ. ನಾವಿಬ್ರೂ ಈ ಮನೇಲಿ ಇಷ್ಟು ವರ್ಷ ಹೇಳ್ತಿರೋದು ಏನು? ಚಿನ್ನಿ ಅಂತೆ ಚಿನ್ನಿ. ಆ ತೋಳು ಯಾರದು ಅಂತ ನನಗೆ ಗೊತ್ತಾಗಲ್ವಾ? ನಾನು ಹೆತ್ತ ತೋಳು ಅದು!"

ಅವನು ಟೋಪಿಯನ್ನು ಎತ್ತಿ ಪಕ್ಕಕ್ಕಿಟ್ಟು, ಹಾಳೆಗಳನ್ನು ಅವಳ ಕಡೆ ಸರಿಸಿದ. ಕಾಯಿಲೆಯ ಕೊನೆಯ ಅಧ್ಯಾಯ. ಅವಳು ನಿಂತೇ ಓದಿದಳು. ಹಾಸಿಗೆ, ಕಿಟಕಿ, ಬಟ್ಟಲಿನಲ್ಲಿ ಆರಿದ ಗಂಜಿ. ಅಪ್ಪ ಒಂದು ಪಕ್ಕ, ಅಮ್ಮ ಒಂದು ಪಕ್ಕ. ಹೊರಗೆ ಯಾರೋ ಬಾಗಿಲು ತಟ್ಟುತ್ತಾರೆ, ಅಪ್ಪ ಏಳುವುದಿಲ್ಲ. ತಟ್ಟಿದವರು ಹೊರಟುಹೋಗುತ್ತಾರೆ. ಚಿನ್ನಿ ಹೋಗುತ್ತಾಳೆ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಗಂಡ ಇಷ್ಟು ಚೆನ್ನಾಗಿ ಹಿಂದೆಂದೂ ಬರೆದಿರಲಿಲ್ಲ ಎಂಬುದು ಅವಳಿಗೆ ಅಳುವಿನ ನಡುವೆಯೂ ತಿಳಿಯಿತು. ಓದುಗರೆಂಬ ಜಾತಿಯೇ ಹಾಗೆ.

"ಇದನ್ನ ನಾನು ಟೈಪ್ ಮಾಡಲ್ಲ," ಅಂದಳು.

"ಅವಳು ಬದುಕಬೇಕು ಅಂತೀಯಾ? ಎಲ್ಲರೂ ಪ್ರಾರ್ಥನೆ ಮಾಡಿದ್ರು, ಮಗು ಎದ್ದು ಕೂತಿತು, ಶುಭಂ! ಅಂಥದ್ದು ಬರೆಯೋ ಕೈ ನನ್ನದಲ್ಲ. ಅದು ಸುಳ್ಳು. ನಮ್ಮನೇಲಿ ಹಾಗಾಗಲಿಲ್ಲ."

"ಬದುಕಿಸಿ ಅಂತ ನಾನು ಕೇಳಿದ್ನಾ?" ಅವಳು ಹಾಳೆಗಳನ್ನು ಎದೆಗೊತ್ತಿಕೊಂಡಳು. "ನನಗೂ ಗೊತ್ತು ರೀ, ಆ ಮಗು ಹೋಗುತ್ತೆ. ಆದ್ರೆ ಬಾಗಿಲು ಯಾಕೆ ಹಾಕಿರ್ಬೇಕು? ತಟ್ಟಿದೋರು ಯಾಕೆ ಹಂಗೇ ಹೋಗ್ಬೇಕು? ಅವತ್ತು ತಟ್ಟಿದ್ದು ಉಣ್ಣೆ ಅತ್ತೆ. ನೀವು ಏಳಲಿಲ್ಲ. ಕಥೇಲೂ ಏಳಲ್ಲ. ಕಥೆ ನಿಮ್ಮ ಕೈಯಲ್ಲೇ ಇದೆಯಲ್ಲ, ಕಥೇಲಾದ್ರೂ ಏಳಬಾರದಾ? ಬಾಗಿಲು ತೆಗೀರಿ. ನಾನು ಕೇಳ್ತಿರೋದು ಅಷ್ಟೇ."

ಗಂಡ ಕೂತ. ತುಂಬ ಹೊತ್ತು ಟೋಪಿಯ ಅಂಚನ್ನು ಬೆರಳಲ್ಲಿ ಎಳೆಯುತ್ತಾ, ಬಿಡುತ್ತಾ ಇದ್ದ.

"ನನಗೆ ಜಂಬ ಅಂದ್ಕೊಂಡಿದ್ದೀಯ," ಅಂದ.

"ಅಲ್ವಾ?"

"ಭಯ," ಅಂದ. "ನಿನಗೆ ನೆನಪಿದೆಯಾ, ಅಷ್ಟು ಹೊತ್ತಿಗೆ ಡಾಕ್ಟರು ಕೈ ಚೆಲ್ಲಿದ್ರು. ನನಗೆ ಗೊತ್ತಿತ್ತು. ಎಲ್ಲರೂ ಸೇರಿ ಅವನ ಹೆಸರು ಹೇಳಿ ಕೇಳ್ತಾರೆ, ಮೇಲಿರೋನು ಆಗಲ್ಲ ಅಂತಾನೆ. ಆಮೇಲೆ? ಆಮೇಲೆ ನಾನು ಭಾನುವಾರ ಅಲ್ಲಿ ಹೋಗಿ ಹೇಗೆ ಕೂರ್ಲಿ? ಮಗನೂ ಹೋದ, ದೇವರೂ ಹೋದ ಅಂತ ಆಗಬಾರದು. ಕೇಳದೇ ಇದ್ರೆ ಆಗಲ್ಲ ಅನ್ನೋಕೆ ಆಗಲ್ವಲ್ಲ. ಅಷ್ಟನ್ನಾದ್ರೂ ಉಳಿಸ್ಕೊಳ್ಳೋಣ ಅಂತಿದ್ದೆ."

ಬಾಗಿಲಿಗೆ ಅಡ್ಡ ನಿಂತವನು ದೇವರನ್ನು ಹೊರಗಿಡಲು ನಿಂತಿದ್ದಾನೆ ಎಂದು ಅವಳು ಇಷ್ಟು ವರ್ಷ ನಂಬಿದ್ದಳು. ಕಳೆದುಕೊಳ್ಳಬಾರದೆಂದು ನಿಂತಿದ್ದನಂತೆ. ಎಂಥ ಹುಚ್ಚು ಕಾವಲು! ಅವನ ಮೇಲೆ ಸಿಟ್ಟು ಬಂತು, ಕನಿಕರ ಬಂತು, ಎರಡರಲ್ಲಿ ಯಾವುದು ಮೊದಲು ಬಂತೆಂದು ಹೇಳಲಾಗದು.

"ಉಳೀತಾ?" ಎಂದು ಕೇಳಿದಳು ಕೊನೆಗೆ.

"ಇಲ್ಲ," ಅಂದ. "ಅಲ್ಲಿ ಕೂತಿರ್ತೀನಿ, ತುಟಿ ಆಡಿಸ್ತೀನಿ. ದನಿ ಬರಲ್ಲ."

ಅವಳು ಹಾಳೆಗಳನ್ನು ಮೇಜಿನ ಮೇಲಿಟ್ಟು, ಅಡುಗೆಮನೆಗೆ ಹೋಗಿ ಅಕ್ಕಿ ತೊಳೆದಳು. ಬೇರೇನು ಮಾಡುವುದೆಂದು ತಿಳಿಯಲಿಲ್ಲ.

ಭಾನುವಾರ ಗಂಡ ಚರ್ಚಿಗೆ ಬರಲಿಲ್ಲ, ಮುಂದಿನ ಕೋಣೆಯ ಬಾಗಿಲು ಎಳೆದುಕೊಂಡು ಬರೆಯುತ್ತಿದ್ದ. ಸೋಮವಾರ ಪ್ರೆಸ್ಸಿಗೂ ಹೋಗಲಿಲ್ಲ. ಅಂದು ಸಂಜೆ ಅವಳು ಅಂಗಡಿಯಿಂದ ಬಂದಾಗ ಕಂಪ್ಯೂಟರಿನ ಪಕ್ಕ ಹೊಸ ಹಾಳೆಗಳಿದ್ದವು. ಚಿತ್ತುಗಳೇ ಹೆಚ್ಚು. ಅವಳು ಓದಿ ಆಮೇಲೆ ಟೈಪ್ ಮಾಡುವ ರೂಢಿ ಬಿಟ್ಟು, ಓದುತ್ತಾ ಟೈಪ್ ಮಾಡುತ್ತಾ ಹೋದಳು.

ಹಾಸಿಗೆ ಅದೇ, ಕಿಟಕಿ ಅದೇ, ಆರಿದ ಗಂಜಿ ಅದೇ. ಯಾರೋ ಬಾಗಿಲು ತಟ್ಟುತ್ತಾರೆ. ಡ್ರೈವರ್ ಏಳುತ್ತಾನೆ. ಏಳಲು ಅವನಿಗೆ ಒಂದೂವರೆ ಪುಟ ಹಿಡಿಯುತ್ತದೆ. ಬಾಗಿಲ ಹೊರಗೆ ಡಿಪೋದ ಇಬ್ಬರು ಮೆಕ್ಯಾನಿಕ್ಕುಗಳು, ಪಕ್ಕದ ಮನೆಯವಳು, ಕೈಯಲ್ಲಿ ಹಳದಿ ಟೋಪಿ ಹಿಡಿದ ಒಬ್ಬ ಮುದುಕಿ. ಒಳಗೆ ಬಂದವರಿಗೆ ಎಲ್ಲಿ ನಿಲ್ಲುವುದೆಂದು ತಿಳಿಯುವುದಿಲ್ಲ. ಮೆಕ್ಯಾನಿಕ್ಕೊಬ್ಬ ಪ್ರಾರ್ಥನೆ ಶುರು ಮಾಡಿ ನಡುವೆ ಮಾತು ಮರೆತು, ಮಗುವಿನ ಹೆಸರನ್ನೇ ಮತ್ತೆ ಮತ್ತೆ ಹೇಳುತ್ತಾನೆ. ಟೋಪಿ ಹಣೆಯಿಂದ ಜಾರಿ ಕಣ್ಣು ಮುಚ್ಚುತ್ತದೆ, ಚಿನ್ನಿ ಅದರೊಳಗಿಂದಲೇ "ಬಸ್ ಹೊರಟಿತು, ಎಲ್ಲರೂ ಹತ್ತಿದ್ರಾ?" ಎನ್ನುತ್ತಾಳೆ. ಆಮೇಲೆ ಚಿನ್ನಿ ಹೋಗುತ್ತಾಳೆ. ಬಾಗಿಲು ತೆರೆದೇ ಇರುತ್ತದೆ, ಬೀದಿಯ ಸದ್ದು ಒಳಗೆ ಬರುತ್ತಿರುತ್ತದೆ.

ಲಾಂಡ್ರಿ ಅಕ್ಕ ಕೊನೆಯ ಸಾಲಿನವರೆಗೂ ಟೈಪ್ ಮಾಡಿದಳು. ಆ ಅಧ್ಯಾಯ ಮೊದಲಿನದರಷ್ಟು ಬಿಗಿಯಾಗಿರಲಿಲ್ಲ, ಅಲ್ಲಲ್ಲಿ ಹೊಲಿಗೆ ಬಿಚ್ಚಿದಂತಿತ್ತು. ಅವಳು ಒಂದಕ್ಷರವನ್ನೂ ತಿದ್ದಲಿಲ್ಲ.

"ಬುಧವಾರ ನಾನು ನಿಜ ಹೇಳ್ಬೇಕು," ಅಂದಳು. "ಇಲ್ಲಾಂದ್ರೆ ಹತ್ತು ಜನ ಹೊರಟು ನಿಲ್ತಾರೆ."

"ನಾನೂ ಬರ್ತೀನಿ," ಅಂದ ಗಂಡ.

ಬುಧವಾರದ ಸಂಜೆ ಲೇಖಕರು ಬಂದು ಬೆಂಚಿನಲ್ಲಿ ಕೂತದ್ದು ಕಂಡು ಒಂದಿಬ್ಬರು ತಿರುಗಿ ನೋಡಿದರು. ಪಾದ್ರಿಗಳು ಬೇರೆ ಹೆಸರುಗಳನ್ನೆಲ್ಲ ಮುಗಿಸಿ, ಕೈ ಉಜ್ಜಿಕೊಂಡು, "ಈಗ ನಮ್ಮ ಚಿನ್ನಿಯ ವಿಷಯ" ಎಂದು ಶುರುಮಾಡಿದರು. ಅವಳು ಎದ್ದು ನಿಂತಳು.

"ಪಾದ್ರಿಗಳೇ, ನಾನು ತಪ್ಪು ಮಾಡಿದೀನಿ. ಚಿನ್ನಿ ಅಂತ ಮಗು ಇಲ್ಲ. ನಮ್ಮನೆಯವರು ಬರೀತಿರೋ ಕಥೇಲಿ ಬರೋ ಹುಡುಗಿ ಅವಳು. ನಿಮ್ಮೆಲ್ಲರ ಹತ್ರ ಸುಳ್ಳು ಹೇಳಿ ಪ್ರಾರ್ಥನೆ ಮಾಡಿಸ್ದೆ. ಕ್ಷಮಿಸಿ."

ಪಾದ್ರಿಗಳ ಮುಖ ಕೆಂಪಾಯಿತು. ಇಂಥದ್ದಕ್ಕೆ ಏನು ಮಾಡಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಯಾರೋ ಹಿಂದೆ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ಮೇಷ್ಟ್ರು ಕೋಲು ಊರಿಕೊಂಡು ಎದ್ದರು.

"ಏನಮ್ಮ ಇದು? ಇಡೀ ಸಭೆಗೆ ಟೋಪಿ ಹಾಕಿದ್ಯಲ್ಲ! ಈ ವಯಸ್ಸಲ್ಲಿ ಮೊಣಕಾಲೂರಿ ಊರಿ ನನ್ನ ಮಂಡಿ ಸವೆದು ಹೋಯ್ತು. ಉಪವಾಸ ಇದ್ದೆ ನಾನು! ಇಲ್ಲದ ಹುಡುಗಿಗೆ ಪ್ರಾರ್ಥನೆ ಅಂದ್ರೆ ಅದೇನು ದೇವರ ಜೊತೆ ತಮಾಷೆನಾ?"

ಅವಳು ತಲೆ ತಗ್ಗಿಸಿದಳು. ಮೇಷ್ಟ್ರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

"ಕೂತ್ಕೊಳ್ಳಿ ಮೇಷ್ಟ್ರೇ," ಎಂಬ ದನಿ ಕೇಳಿತು. ಉಣ್ಣೆ ಅತ್ತೆ. ಎದ್ದಿರಲಿಲ್ಲ, ಕೈಯಲ್ಲಿ ಯಾರದೋ ಕಾಲುಚೀಲ, ಕಡ್ಡಿಗಳು ಆಡುತ್ತಲೇ ಇದ್ದವು. "ಬೈಬಲಿನಲ್ಲಿ ಸ್ವಾಮಿ ಹೇಳಿದ ಕಥೆಗಳಲ್ಲಿ ಬರೋರೆಲ್ಲ ಯಾವ ಬೀದಿಯವರು? ಅವರಿಗೋಸ್ಕರ ನೀವು ಕಣ್ಣೀರು ಹಾಕಿಲ್ವಾ? ಈ ಹೆಣ್ಣು ಸುಮ್ಸುಮ್ನೆ ಹೆಸರು ಕೊಡೋ ಪೈಕಿ ಅಲ್ಲ. ಯಾವ ನೋವಿಗೆ ಕೊಟ್ಟಳೋ, ಮೊದಲು ಅದನ್ನ ಕೇಳೋಣ."

ಆಗ ಲಾಂಡ್ರಿ ಅಕ್ಕನ ಪಕ್ಕದಲ್ಲಿ ಬೆಂಚು ಕಿರುಗುಟ್ಟಿತು. ಗಂಡ ಎದ್ದು ನಿಂತಿದ್ದ. ಬರೆದರೆ ಪುಟಗಟ್ಟಲೆ ಬರೆಯುವ ಮನುಷ್ಯ, ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದ.

"ಹೆಸರು ತಪ್ಪಾಗಿದೆ," ಅಂದ. "ತಪ್ಪು ಅವಳದಲ್ಲ, ನನ್ನದು. ಸರಿಯಾದ ಹೆಸರನ್ನ ಆವಾಗಲೇ ಕೊಡೋಕೆ ಬಂದಿದ್ಲು, ನಾನು ಬಿಡಲಿಲ್ಲ. ಹೆಸರು ಗುಂಡ. ಎಂಟು ವರ್ಷ."

ಹಳಬರೆಲ್ಲ ತಟ್ಟನೆ ತಲೆಯೆತ್ತಿದರು. ಉಣ್ಣೆ ಅತ್ತೆಯ ಕಡ್ಡಿಗಳು ನಿಂತವು. ಹೊಸ ಪಾದ್ರಿಗಳಿಗೆ ಏನೂ ಗೊತ್ತಿರಲಿಲ್ಲ. ಅವರು ಪ್ರತಿ ಹೆಸರಿಗೂ ಕೇಳುವ ಪ್ರಶ್ನೆಯನ್ನೇ, ಅಭ್ಯಾಸಬಲದಿಂದ, ಮೃದುವಾಗಿ ಕೇಳಿದರು.

"ಗುಂಡ ಹೇಗಿದ್ದಾನೆ?"

"ತೀರಿಕೊಂಡ," ಅಂದ ಗಂಡ. "ಹನ್ನೊಂದು ವರ್ಷ ಆಯ್ತು. ಸುದ್ದಿ ಹೇಳೋಕೆ ಬಂದಿದೀನಿ."

ಪಾದ್ರಿಗಳು ಕಣ್ಣು ಮುಚ್ಚಿದರು. ಅವರ ಅವಸರವೆಲ್ಲ ಆ ಒಂದು ಸಲ ಎಲ್ಲೋ ಹೋಗಿತ್ತು. ಮೊದಲು ಎದ್ದದ್ದು ಮೇಷ್ಟ್ರು, ಕೋಲಿಗೆ ಭಾರ ಬಿಟ್ಟು. ಆಮೇಲೆ ಬೆಂಚಿನಿಂದ ಬೆಂಚಿಗೆ ಇಡೀ ಸಭೆ ಎದ್ದಿತು. ಲಾಂಡ್ರಿ ಅಕ್ಕ ಗಂಡನ ತೋಳು ಹಿಡಿದುಕೊಂಡಳು. ಎಲ್ಲರೂ ಒಟ್ಟಾಗಿ, ಗಟ್ಟಿಯಾಗಿ, ಒಂದೇ ಒಂದು ಸಲ ಹೇಳಿದರು.

"ಗುಂಡ."

ಅಷ್ಟೊಂದು ಬಾಯಿಗಳಿಂದ ತನ್ನ ಮಗನ ಹೆಸರನ್ನು ಅವಳು ಕೇಳಿದ್ದು ಅದೇ ಮೊದಲು. ಪಕ್ಕದಲ್ಲಿ ಗಂಡನ ದನಿಯೂ ಕೇಳಿತು. ಒಡಕಾಗಿತ್ತು, ಒಂದು ಗಳಿಗೆ ತಡವಾಗಿತ್ತು, ಆದರೆ ದನಿ ಬಂದಿತ್ತು. ಆಮೇಲೆ ಎಲ್ಲರೂ ಸುಮ್ಮನೆ ನಿಂತರು.

ಪ್ರಾರ್ಥನೆ ಮುಗಿದು ಅಂಗಳಕ್ಕೆ ಬಂದಾಗ ಇನ್ನೂ ಬೆಳಕಿತ್ತು. ಮೇಷ್ಟ್ರು ಲೇಖಕರ ಭುಜದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಲಾಂಡ್ರಿ ಅಕ್ಕ ಚೀಲದಿಂದ ಹಳದಿ ಟೋಪಿ ತೆಗೆದು ಉಣ್ಣೆ ಅತ್ತೆಯ ಮುಂದೆ ಹಿಡಿದಳು.

"ಇದು ನಿಮಗೆ ವಾಪಸ್ ಅತ್ತೆ. ಬೇರೆ ಮಗುವಿಗೆ ಆಗುತ್ತೆ."

ಅತ್ತೆ ಕೈ ಚಾಚಲಿಲ್ಲ. ಟೋಪಿಯನ್ನು ನೋಡಿ, ಅವಳ ಮುಖ ನೋಡಿ, "ಗುಂಡನಿಗೆ ಆಗ್ತಿತ್ತಾ?" ಎಂದು ಕೇಳಿದಳು.

ಅವಳು ಟೋಪಿಯೊಳಗೆ ಮುಷ್ಟಿ ಇಟ್ಟು ಅಗಲಿಸಿ ನೋಡಿದಳು. ಆ ತಲೆಯ ಅಳತೆ ಅವಳ ಅಂಗೈಗೆ ಇನ್ನೂ ಗೊತ್ತಿತ್ತು.

"ಸ್ವಲ್ಪ ದೊಡ್ಡದಾಗ್ತಿತ್ತು ಅತ್ತೆ."

"ಇರಲಿ ಬಿಡೆ," ಅಂದಳು ಉಣ್ಣೆ ಅತ್ತೆ. "ಬೆಳೀತಿದ್ದ."